ರ‍್ಯಾಮ್ ರೇಟು ಏರಿದಾಗ ಯಾವ ಷೇರು ತಗೊಳ್ಳೋದು, ಯಾವುದು ಬಿಡೋದು?

2025ರ ಡಿಸೆಂಬರ್‌ನಲ್ಲಿ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಮನೆಯಲ್ಲಿರುವ ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು 16 ಜಿಬಿ ರ‍್ಯಾಮ್ ಹಾಕಿಸೋಣ, ಅಕ್ಕನ ಮಗನ ಕಾಲೇಜು ಪ್ರಾಜೆಕ್ಟಿಗೆ ಆಗುತ್ತೆ ಅಂತ. ಅಂಗಡಿಯವರು ಹೇಳಿದ ರೇಟು ಕೇಳಿ, ಎರಡು ಸ್ಟಿಕ್ಕಿನ ಬೆಲೆ ಹೇಳುತ್ತಿದ್ದಾರೆ ಅಂದುಕೊಂಡೆ. ಒಂದಕ್ಕೇ ಅಷ್ಟು. "ಬೇಕಾದ್ರೆ ಈಗ್ಲೇ ಬಿಲ್ ಮಾಡಿಸಿ ಸಾರ್, ಸಂಜೆ ಬಂದ್ರೆ ಈ ರೇಟು ಇರಲ್ಲ" ಅಂದರು. ಚಿನ್ನದಂಗಡಿಯಲ್ಲಿ ಕೇಳುವ ಮಾತು ಇದು. ಕೌಂಟರಿನ ಗಾಜಿನ ಕೆಳಗೆ ಒಂದು ರೇಟ್ ಲಿಸ್ಟು ಇತ್ತು, ರ‍್ಯಾಮ್ ಸಾಲಿನಲ್ಲಿ ಮಾತ್ರ ಪೆನ್ನಿನಿಂದ ಮೂರು ಸಲ ಹೊಡೆದು ಮೂರು ಸಲ ಬರೆದಿದ್ದರು.

ವಾಪಸ್ ಬರುತ್ತಾ ಗೆಳೆಯನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವನು ಕೇಳಿದ್ದು ಬೇರೆಯೇ: "ಹಾಗಾದ್ರೆ ಕಂಪ್ಯೂಟರ್ ದುಬಾರಿ ಆಗುತ್ತೆ, ಡೆಲ್ಲು ಎಚ್‌ಪಿ ಷೇರು ಏರುತ್ತೆ ಅಲ್ವಾ? ತಗೊಳ್ಲಾ?"

ಆಗಿದ್ದು ಉಲ್ಟಾ. ಅದೇ ವರ್ಷ ನವೆಂಬರ್ 17ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿಯವರು ಡೆಲ್ ಮತ್ತು ಎಚ್‌ಪಿ ಎರಡರ ರೇಟಿಂಗನ್ನೂ (ಷೇರು ಕೊಳ್ಳಬಹುದೋ ಬೇಡವೋ ಅನ್ನೋ ಅಭಿಪ್ರಾಯ) ಇಳಿಸಿದರು, ಕಾರಣ ಇದೇ ಮೆಮೊರಿ, ಅಂದರೆ ರ‍್ಯಾಮ್ ಬೆಲೆ. ಒಂದೇ ದಿನದಲ್ಲಿ ಡೆಲ್ ಸುಮಾರು ಶೇ. 8, ಎಚ್‌ಪಿ ಸುಮಾರು ಶೇ. 7 ಬಿತ್ತು. ಇತ್ತ ಮೆಮೊರಿ ಮಾಡುವ ಮೈಕ್ರಾನ್ ಷೇರು ಆ ವರ್ಷ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಹಾಗಾದರೆ ಮೈಕ್ರಾನ್ ತಗೊಂಡರೆ ಮುಗೀತಲ್ಲ ಅಂತೀರಾ? ಅಷ್ಟು ಸಲೀಸಾಗಿದ್ದರೆ ನಾನು 2018ರಲ್ಲಿ ಕೈ ಸುಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲೇ ಒಂದು ಮಾತು, ನಾನು ಸೆಬಿ ನೋಂದಾಯಿತ ಸಲಹೆಗಾರ ಅಲ್ಲ. ಸಂಬಳದ ದುಡ್ಡಲ್ಲಿ ಷೇರು ತಗೊಳ್ಳೋನು, ತಪ್ಪು ಮಾಡಿದಾಗ ಡೈರಿಯಲ್ಲಿ ಬರೆದಿಟ್ಟುಕೊಳ್ಳೋನು, ಅಷ್ಟೇ.

ಸಿಗದಿರುವುದು ಬೇರೆ, ದುಬಾರಿ ಆಗುವುದು ಬೇರೆ

ಕೊರತೆ ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ, ಆದರೆ ಒಳಗೆ ಎರಡು ಬೇರೆ ಕಷ್ಟಗಳಿವೆ. ಷೇರಿನ ಮೇಲೆ ಅವುಗಳ ಪರಿಣಾಮವೂ ಬೇರೆ.

2021ನ್ನು ನೆನಪಿಸಿಕೊಳ್ಳಿ. ಕೋವಿಡ್, ಆನ್‌ಲೈನ್ ಕ್ಲಾಸು, ಮನೆಯಿಂದ ಕೆಲಸ, ಎಲ್ಲರಿಗೂ ಲ್ಯಾಪ್‌ಟಾಪ್ ಬೇಕು. ಆದರೆ ಸಾಮಾನು ಸಿಗುತ್ತಿಲ್ಲ. ಆಗ ಕೈ ಕೊಟ್ಟಿದ್ದು ದುಬಾರಿ ಪ್ರೊಸೆಸರ್ ಮಾತ್ರ ಅಲ್ಲ, ಪರದೆ ನಡೆಸುವ ಚಿಪ್ಪು, ಪವರ್ ನೋಡಿಕೊಳ್ಳುವ ಚಿಪ್ಪು, ಇಂಥ ಚಿಲ್ಲರೆ ಸಾಮಾನುಗಳೂ. ನೂರು ರೂಪಾಯಿಯೂ ಇಲ್ಲದ ಒಂದು ಚಿಪ್ಪಿಗಾಗಿ ಅರವತ್ತು ಸಾವಿರದ ಲ್ಯಾಪ್‌ಟಾಪು ಅರ್ಧಕ್ಕೆ ನಿಲ್ಲೋದು. ಮದುವೆ ಊಟಕ್ಕೆ ಎಲ್ಲಾ ರೆಡಿ, ಉಪ್ಪು ತರೋದು ಮರೆತರು ಅನ್ನೋ ಹಾಗೆ.

ಈ ಥರದ ಕೊರತೆಯಲ್ಲಿ ಕಂಪನಿಗೆ ಮಾರಾಟ ತಪ್ಪುತ್ತೆ ಅಥವಾ ಮುಂದಕ್ಕೆ ಹೋಗುತ್ತೆ. ಆದರೆ ಇನ್ನೊಂದು ಕಡೆ, ಇರೋ ಮಾಲನ್ನು ಯಾರೂ ಡಿಸ್ಕೌಂಟಲ್ಲಿ ಕೊಡಲ್ಲ. ದುಬಾರಿ ಮಾಡೆಲ್ ಮೊದಲು ಮಾಡುತ್ತಾರೆ, ಅಗ್ಗದ ಮಾಡೆಲ್ ಕಾಯಲಿ ಅಂತ ಬಿಡುತ್ತಾರೆ. ಹಾಗಾಗಿ ಕೊರತೆ ಕೊರತೆ ಅಂತ ಎಲ್ಲರೂ ಗೋಳಾಡಿದ 2021ರಲ್ಲೇ ಜಗತ್ತಿನಲ್ಲಿ ಸುಮಾರು 34 ಕೋಟಿ ಪಿಸಿ ಮಾರಾಟ ಆದವು, ಅದಕ್ಕೂ ಹಿಂದಿನ ಎಷ್ಟೋ ವರ್ಷಗಳಲ್ಲಿ ಅಷ್ಟು ಆಗಿರಲಿಲ್ಲ.

2025ರದ್ದು ಎರಡನೇ ಜಾತಿ. ಸಾಮಾನು ಸಿಗುತ್ತೆ, ರೇಟು ಮಾತ್ರ ಮುಗಿಲಿಗೆ. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನುವ ಪದರ ಪದರ ಮೆಮೊರಿ ಬೇಕು, ನಮ್ಮ ಲ್ಯಾಪ್‌ಟಾಪಿನ ಮಾಮೂಲಿ ರ‍್ಯಾಮ್ ಆದ ಡಿಡಿಆರ್5ಗೆ ಹೋಲಿಸಿದರೆ ಅಷ್ಟೇ ಜಿಬಿಗೆ ಅದು ಸುಮಾರು ಮೂರು ಪಟ್ಟು ಸಿಲಿಕಾನ್ ನುಂಗುತ್ತೆ. ಮೆಮೊರಿ ಮಾಡೋರು ಜಗತ್ತಿಗೆಲ್ಲಾ ಮುಖ್ಯವಾಗಿ ಮೂರೇ ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅವರು ಲಾಭ ಜಾಸ್ತಿ ಇರೋ ಕಡೆ ವಾಲಿದರು. ಮೈಕ್ರಾನ್ ಅಂತೂ ಡಿಸೆಂಬರ್‌ನಲ್ಲಿ, ಅಂಗಡಿಯಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂದುಬಿಟ್ಟಿತು. ಹೊಸ ಫ್ಯಾಕ್ಟರಿ ಕಟ್ಟಿ ಚಿಪ್ಪು ಹೊರಬರೋಕೆ ವರ್ಷಗಳೇ ಬೇಕು.

ದರ್ಶಿನಿ ಹೋಟೆಲಿನವರ ಕಷ್ಟ ಯೋಚಿಸಿ. ಈರುಳ್ಳಿ ಕಿಲೋ 100 ಆಯ್ತು ಅಂತ ಮಾರನೇ ದಿನವೇ ದೋಸೆ ರೇಟು ಏರಿಸೋಕಾಗಲ್ಲ, ಪಕ್ಕದ ಹೋಟೆಲಿನವರು ಏರಿಸೋ ತನಕ ಕಾಯಬೇಕು. ಅಷ್ಟರಲ್ಲಿ ಬೋರ್ಡಿನಿಂದ ಈರುಳ್ಳಿ ದೋಸೆ ಮಾಯ ಆಗುತ್ತೆ, ಸಲಾಡಿಗೆ ಮೂಲಂಗಿ ಬರುತ್ತೆ. ಲ್ಯಾಪ್‌ಟಾಪ್ ಕಂಪನಿ ಮಾಡೋದೂ ಅದೇ. 16 ಜಿಬಿ ಜಾಗದಲ್ಲಿ 8 ಜಿಬಿ ಇಟ್ಟು ಅದೇ ಬೆಲೆಗೆ ಮಾರುತ್ತೆ. ಈರುಳ್ಳಿ ಮಂಡಿಯವರು ಮಾತ್ರ ನಗುನಗುತ್ತಾ ಇರುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ, ಅಂಕಿ ಅರ್ಥವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಕಂಪನಿಯ ಕೈಗೆ ಒಂದು ಲ್ಯಾಪ್‌ಟಾಪಿಗೆ 50,000 ರೂಪಾಯಿ ಬರುತ್ತೆ ಅಂದುಕೊಳ್ಳಿ. ತಯಾರಿಕೆಗೆ 40,000 ಖರ್ಚು. ಆಫೀಸು, ಜಾಹೀರಾತು, ರಿಸರ್ಚು ಎಲ್ಲಾ ಕಳೆದ ಮೇಲೆ ಉಳಿಯೋದು ನೂರಕ್ಕೆ ಆರು ಅಂದರೆ 3,000. ಪಿಸಿ ವ್ಯಾಪಾರದಲ್ಲಿ ಲಾಭ ಇರೋದೇ ಇಷ್ಟು. ಎಚ್‌ಪಿಯವರೇ 2025ರ ನವೆಂಬರ್‌ನಲ್ಲಿ ಹೇಳಿದ ಪ್ರಕಾರ ಒಂದು ಪಿಸಿಯ ಖರ್ಚಿನಲ್ಲಿ ಮೆಮೊರಿಯ ಪಾಲು ಶೇ. 15ರಿಂದ 18. ನಮ್ಮ ಲೆಕ್ಕದಲ್ಲಿ ಶೇ. 16 ಹಿಡಿದರೆ 6,400. ಮೆಮೊರಿ ಬೆಲೆ ಅರ್ಧದಷ್ಟು ಏರಿದರೆ ಹೆಚ್ಚುವರಿ ಖರ್ಚು 3,200. ಲಾಭ 3,000 ಇತ್ತಲ್ಲ? ಹೋಯ್ತು. ಬೆಲೆ ಏರಿಸದಿದ್ದರೆ ಕೈಯಿಂದ 200 ಹಾಕಬೇಕು. ಎಸ್.ಪಿ. ರೋಡಿನಲ್ಲಿ ನಾನು ನೋಡಿದ್ದು ಅರ್ಧದಷ್ಟು ಏರಿಕೆ ಅಲ್ಲ, ದುಪ್ಪಟ್ಟಿಗಿಂತ ಜಾಸ್ತಿ. ದೊಡ್ಡ ಕಂಪನಿಗಳು ಆ ರೇಟಿಗೆ ಕೊಳ್ಳಲ್ಲ, ಅವರದ್ದು ಮೊದಲೇ ಮಾತಾಡಿಕೊಂಡ ಒಪ್ಪಂದದ ರೇಟು. ಆದರೆ ಆ ಒಪ್ಪಂದವೂ ಕೆಲವು ತಿಂಗಳಿಗೊಮ್ಮೆ ಹೊಸದಾಗುತ್ತೆ.

ಹಾಗಾಗಿ ಸುದ್ದಿ ಬಂದಾಗ ಮೊದಲು ಕೇಳಿಕೊಳ್ಳಿ: ಇದು ಸಿಗದ ಕೊರತೆಯೋ, ರೇಟಿನ ಕೊರತೆಯೋ? ಸಿಗದ ಕೊರತೆ ಎಲ್ಲರಿಗೂ ಸಮನಾಗಿ ಬಂದರೆ ಕಂಪ್ಯೂಟರ್ ಕಂಪನಿ ಷೇರಿಗೆ ಅಷ್ಟೇನೂ ಕೆಟ್ಟದ್ದಲ್ಲ. ರೇಟಿನ ಕೊರತೆ ಬಹುತೇಕ ಕೆಟ್ಟದ್ದೇ.

ಎಚ್‌ಪಿ, ಡೆಲ್, ಲೆನೊವೊ: ಒಂದೇ ಸಾಲಿನಲ್ಲಿ ಬೇರೆ ಬೇರೆ ಜಾಗ

ಹಿಂದೆ ಸೊಸೈಟಿ ಅಂಗಡಿ ಮುಂದೆ ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದೆವಲ್ಲ, ಡಬ್ಬಿ ಹಿಡಿದುಕೊಂಡು? ಮುಂದೆ ನಿಂತವರಿಗೆ ಪೂರ್ತಿ, ಮಧ್ಯದವರಿಗೆ ಅರ್ಧ, ಕೊನೆಯವರಿಗೆ "ನಾಳೆ ಬನ್ನಿ". ಬಿಡಿಭಾಗದ ಕೊರತೆಯಲ್ಲೂ ಅಷ್ಟೇ. ದೊಡ್ಡ ಆರ್ಡರ್ ಕೊಡೋರು, ಮುಂಗಡ ಕೊಟ್ಟೋರು ಮುಂದೆ. ಊರೂರಿನಲ್ಲಿ ಪಿಸಿ ಜೋಡಿಸಿ ಮಾರೋರು ಕಟ್ಟಕಡೆಗೆ. ನೀವು ಷೇರು ತಗೊಳ್ಳುವಾಗ ನಿಜವಾಗಿ ತಗೊಳ್ಳುತ್ತಿರೋದು ಆ ಕ್ಯೂನಲ್ಲಿ ಒಂದು ಜಾಗವನ್ನು.

ಎಚ್‌ಪಿಯ ಆದಾಯದಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಪಿಸಿಯಿಂದಲೇ ಬರುತ್ತೆ. ಉಳಿದದ್ದು ಪ್ರಿಂಟರ್ರು, ಇಂಕು. ಲಾಭದ ಶೇಕಡಾವಾರು ನೋಡಿದರೆ ಇಂಕೇ ಮನೆ ನಡೆಸೋದು. ಮೆಮೊರಿ ಏರಿದಾಗ ಈ ಕಂಪನಿಗೆ ಬೀಳುವ ಪೆಟ್ಟು ನೇರ, ತಡೆಯೋಕೆ ಬೇರೆ ದೊಡ್ಡ ವ್ಯಾಪಾರ ಇಲ್ಲ. 2025ರ ನವೆಂಬರ್ 25ರಂದು ಅವರು 2028ರ ಹೊತ್ತಿಗೆ 4,000ದಿಂದ 6,000 ಉದ್ಯೋಗ ಕಡಿತ ಅಂತ ಹೇಳಿದ್ದೂ ಮೆಮೊರಿ ಖರ್ಚಿನ ಎಚ್ಚರಿಕೆ ಕೊಟ್ಟಿದ್ದೂ ಒಂದೇ ದಿನ. ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಚೆನ್ನಾಗಿದೆ ಅಂತ ಕೆಲವರು ಇಟ್ಟುಕೊಂಡಿರುತ್ತಾರೆ, ಸರಿ, ಆದರೆ ನಮಗೆ ಬರುವಾಗ ಅಮೆರಿಕದಲ್ಲೇ ಶೇ. 25 ತೆರಿಗೆ ಮುರಿದುಕೊಂಡು ಬರುತ್ತೆ ಅನ್ನೋದು ಲೆಕ್ಕದಲ್ಲಿರಲಿ.

ಡೆಲ್ ಕಥೆ ತಮಾಷೆಯಾಗಿದೆ. ಎಚ್‌ಪಿ ಹೇಳಿದ ದಿನವೇ ಡೆಲ್ ಕೂಡ ಫಲಿತಾಂಶ ಕೊಟ್ಟಿತು. ಮೆಮೊರಿ ಬೆಲೆ ಇಷ್ಟು ಜೋರಾಗಿ ಏರಿದ್ದನ್ನು ನೋಡೇ ಇಲ್ಲ ಅಂತ ಒಪ್ಪಿಕೊಂಡರು, ಆದರೆ ಜೊತೆಗೆ ಆ ಆರ್ಥಿಕ ವರ್ಷದ ಎಐ ಸರ್ವರ್ ಮಾರಾಟದ ಅಂದಾಜನ್ನು ಸುಮಾರು 2,500 ಕೋಟಿ ಡಾಲರಿಗೆ ಏರಿಸಿದರು. ವಾರದ ಹಿಂದೆ ಬಿದ್ದಿದ್ದ ಷೇರು ಮಾರನೇ ದಿನ ಎದ್ದಿತು. ಅಂದರೆ ಯಾವ ಎಐ ಹಸಿವಿನಿಂದ ಲ್ಯಾಪ್‌ಟಾಪಿನ ಲಾಭ ಹೋಗುತ್ತಿದೆಯೋ ಅದೇ ಹಸಿವಿನಿಂದ ಸರ್ವರ್ ಆರ್ಡರು ಬರುತ್ತಿದೆ. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗೆ. ಎಚ್‌ಪಿ, ಡೆಲ್ ಎರಡರಲ್ಲೇ ಒಂದನ್ನು ಆರಿಸು ಅಂದರೆ ನಾನು ಡೆಲ್ ಅಂತೀನಿ. ಆದರೆ ಆಗ ನೀವು ಕೊಳ್ಳುತ್ತಿರೋದು ಪಿಸಿ ಷೇರನ್ನಲ್ಲ, ಎಐ ಖರ್ಚು ಹೀಗೇ ಮುಂದುವರಿಯುತ್ತೆ ಅನ್ನೋ ನಂಬಿಕೆಯನ್ನು.

ಡೆಲ್ ಯಾವಾಗಲೂ ಕ್ಯೂನಲ್ಲಿ ಗೆದ್ದಿಲ್ಲ ಅನ್ನೋದೂ ಗೊತ್ತಿರಲಿ. 2018ರಿಂದ ಇಂಟೆಲ್‌ಗೆ ಪ್ರೊಸೆಸರ್ ಪೂರೈಸೋಕೆ ಆಗದೆ ಒದ್ದಾಟ ಶುರುವಾಯಿತು. 2019ರ ನವೆಂಬರ್‌ನಲ್ಲಿ ಇಂಟೆಲ್ ಗ್ರಾಹಕರಿಗೆ ಕ್ಷಮೆ ಕೇಳಿ ಪತ್ರವನ್ನೇ ಬರೆಯಿತು. ಕೆಲವೇ ದಿನದಲ್ಲಿ ಡೆಲ್ ತನ್ನ ವರ್ಷದ ಆದಾಯದ ಅಂದಾಜು ಇಳಿಸಿತು, ಷೇರು ಕೆಳಗೆ. ಒಬ್ಬನೇ ಸಪ್ಲೈಯರ್‌ನನ್ನು ನೆಚ್ಚಿಕೊಂಡರೆ ಹೀಗೇ. ಆ ಎರಡೂ ವರ್ಷ ಅಮೆರಿಕದ ದೊಡ್ಡ ಕಂಪನಿಗಳ ಪಟ್ಟಿ ಎಸ್ ಆ್ಯಂಡ್ ಪಿ 500ರಲ್ಲಿ ಅತಿ ಹೆಚ್ಚು ಏರಿದ ಷೇರು, ಇಂಟೆಲ್ ಥರವೇ ಪ್ರೊಸೆಸರ್ ಮಾಡುವ ಎಎಂಡಿ. ಇಂಟೆಲ್ ಕೊರತೆ ಒಂದೇ ಕಾರಣ ಅಲ್ಲ, ಅವರ ಚಿಪ್ಪೂ ಚೆನ್ನಾಗಿತ್ತು, ಆದರೆ ಕೊರತೆ ಬಾಗಿಲು ತೆರೆದುಕೊಟ್ಟಿದ್ದು ಸುಳ್ಳಲ್ಲ.

ಲೆನೊವೊ ಜಗತ್ತಿನ ಅತಿ ದೊಡ್ಡ ಪಿಸಿ ಕಂಪನಿ, ನಾಲ್ಕರಲ್ಲಿ ಒಂದು ಪಿಸಿ ಅವರದ್ದೇ. 2025ರ ಕೊನೆಗೆ ಮೆಮೊರಿ ದಾಸ್ತಾನನ್ನು ಮಾಮೂಲಿಗಿಂತ ಸುಮಾರು ಶೇ. 50 ಜಾಸ್ತಿ ಇಟ್ಟುಕೊಂಡಿದ್ದೇವೆ ಅಂದರು. ಬೆಲೆ ಏರುತ್ತಿರುವ ತನಕ ಇದು ಜಾಣತನ. ಇಳಿಯೋಕೆ ಶುರುವಾದರೆ ಅದೇ ದಾಸ್ತಾನು ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಷೇರು ಹಾಂಗ್‌ಕಾಂಗ್‌ನಲ್ಲಿ ಲಿಸ್ಟ್ ಆಗಿರೋದರಿಂದ ಇಲ್ಲಿಂದ ಅಮೆರಿಕ ಷೇರು ಕೊಳ್ಳುವ ಆ್ಯಪ್‌ಗಳಲ್ಲಿ ಸುಲಭಕ್ಕೆ ಸಿಗಲ್ಲ, ನಮ್ಮಲ್ಲಿ ಹೆಚ್ಚಿನವರಿಗೆ ಇದು ಆಯ್ಕೆಯೇ ಅಲ್ಲ.

ಈ ಮೂವರ ಬಗ್ಗೆ ನನಗೆ ಕೊರತೆಗಿಂತ ಹೆಚ್ಚು ಹೆದರಿಕೆ ಇರೋದು ಕೊರತೆ ಮುಗಿಯುವ ಹೊತ್ತಿನ ಬಗ್ಗೆ. ಸಿಗಲ್ಲ ಸಿಗಲ್ಲ ಅಂತ ಎಲ್ಲರೂ ಎರಡೆರಡು ಕಡೆ ಆರ್ಡರ್ ಕೊಟ್ಟಿರುತ್ತಾರೆ, ಒಂದು ದಿನ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತೆ, ಅಷ್ಟರಲ್ಲಿ ಗಿರಾಕಿಗೆ ಬೇಕಾದ ಲ್ಯಾಪ್‌ಟಾಪು ಮನೆಗೆ ಬಂದಾಗಿರುತ್ತೆ. 2022ರಲ್ಲಿ ಆಗಿದ್ದು ಅದೇ, ಪಿಸಿ ಮಾರಾಟ ಶೇ. 16ರಷ್ಟು ಕುಸಿಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ ಬರ್ಕ್‌ಷೈರ್ ಎಚ್‌ಪಿಯಲ್ಲಿ 400 ಕೋಟಿ ಡಾಲರ್‌ಗೂ ಮೀರಿದ ಪಾಲು ಹೊಂದಿರುವ ಸುದ್ದಿ ಹೊರಬಿದ್ದು ಷೇರು ಸುಮಾರು 40 ಡಾಲರಿಗೆ ಹಾರಿತು. ಅಕ್ಟೋಬರ್ ಹೊತ್ತಿಗೆ 25ರ ಆಸುಪಾಸು. ಮುಂದೆ ಬರ್ಕ್‌ಷೈರ್ ಆ ಪಾಲನ್ನು ಮಾರಿ ಹೊರಬಂತು. ಬಫೆಟ್ ತಗೊಂಡ್ರು ಅಂತ ತಗೊಂಡ ನನ್ನ ಒಬ್ಬ ಸಹೋದ್ಯೋಗಿ ಇವತ್ತಿಗೂ ಆ ವಿಷಯ ಎತ್ತಿದರೆ ಚಹಾ ಕುಡಿಯೋಕೆ ಎದ್ದು ಹೋಗುತ್ತಾನೆ.

ಆಪಲ್ ಯಾಕೆ ಬೇರೆ

ಆಪಲ್ ಕ್ಯೂನಲ್ಲಿ ಮುಂದೆ ನಿಲ್ಲೋದು ಬರೀ ಹೆಸರಿನಿಂದ ಅಲ್ಲ, ದುಡ್ಡಿನಿಂದ. 2005ರಲ್ಲಿ ಐಪಾಡ್‌ಗೆ ಫ್ಲ್ಯಾಶ್ ಮೆಮೊರಿ ಖಚಿತವಾಗಿ ಸಿಗಲಿ ಅಂತ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್, ಇಂಟೆಲ್, ತೋಷಿಬಾ ಐವರಿಗೂ ಸೇರಿ 125 ಕೋಟಿ ಡಾಲರ್ ಮುಂಗಡ ಒಪ್ಪಿಕೊಂಡರು, 2010ರ ತನಕದ ಪೂರೈಕೆಗೆ. ಅಷ್ಟು ಕಲಿಯೋಕೆ ಕಾರಣವೂ ಇತ್ತು. 1999ರಲ್ಲಿ ಇದೇ ಆಪಲ್‌ಗೆ ಮೊಟೊರೊಲಾ ಜಿ4 ಚಿಪ್ಪು ಸಾಕಷ್ಟು ಕೊಡಲಾಗದೆ, ಹೊಸ ಕಂಪ್ಯೂಟರಿನ ವೇಗವನ್ನು 50 ಮೆಗಾಹರ್ಟ್ಸ್ ಇಳಿಸಿ ಅದೇ ಬೆಲೆಗೆ ಮಾರುವ ಸ್ಥಿತಿ ಬಂದಿತ್ತು. ಷೇರೂ ಬಿದ್ದಿತ್ತು.

2021ರ ಅಕ್ಟೋಬರ್ 28ರಂದು ಆಗ ಆಪಲ್ ಸಿಇಒ ಆಗಿದ್ದ ಟಿಮ್ ಕುಕ್, ಆ ಮೂರು ತಿಂಗಳ ಕ್ವಾರ್ಟರ್‌ನಲ್ಲಿ ಪೂರೈಕೆ ಕೊರತೆಯಿಂದ ಸುಮಾರು 600 ಕೋಟಿ ಡಾಲರ್ ಮಾರಾಟ ತಪ್ಪಿತು, ಮುಂದಿನದ್ದರಲ್ಲಿ ಇನ್ನೂ ಜಾಸ್ತಿ ಅಂದರು. ಮಾರನೇ ದಿನ ಷೇರು ಇಳಿದದ್ದು ಶೇ. 2ರಷ್ಟು. ಕೇಳಿದ ಮೊತ್ತಕ್ಕೆ ಹೋಲಿಸಿದರೆ ಏನೂ ಅಲ್ಲ, ಯಾಕಂದ್ರೆ ಐಫೋನ್ ಸಿಗಲಿಲ್ಲ ಅಂತ ಗಿರಾಕಿ ಕಾಯುತ್ತಾನೆ, ಬೇರೆ ಫೋನ್ ತಗೊಳ್ಳೋದು ಕಡಿಮೆ. ಮುಂದಿನ ಕ್ವಾರ್ಟರ್‌ನಲ್ಲಿ ಐಪ್ಯಾಡ್ ಆದಾಯ ಶೇ. 14 ಬಿತ್ತು, ಆದರೆ ಕಂಪನಿಯ ಒಟ್ಟು ಆದಾಯ ಸುಮಾರು 12,400 ಕೋಟಿ ಡಾಲರ್, ದಾಖಲೆ. 2022ರ ಜನವರಿ 3ರಂದು ಕಂಪನಿಯ ಮೌಲ್ಯ ಮೊದಲ ಸಲ 3 ಲಕ್ಷ ಕೋಟಿ ಡಾಲರ್ ಮುಟ್ಟಿತು. ಅಕ್ಟೋಬರ್‌ನಲ್ಲಿ ಹೆದರಿ ಮಾರಿದವರು ಕೈ ಕೈ ಹಿಸುಕಿಕೊಂಡರು.

ಮಾರ್ಜಿನ್ನೂ ಸಹಾಯಕ್ಕೆ ಬರುತ್ತೆ. ಎಚ್‌ಪಿ, ಡೆಲ್‌ನ ಗ್ರಾಸ್ ಮಾರ್ಜಿನ್ (ಮಾರಾಟದಲ್ಲಿ ತಯಾರಿಕೆ ಖರ್ಚು ಕಳೆದು ಉಳಿಯುವ ಪಾಲು) ನೂರಕ್ಕೆ ಇಪ್ಪತ್ತರ ಸುತ್ತಮುತ್ತ, ಆಪಲ್‌ದು ನಲವತ್ತೈದಕ್ಕೂ ಮೇಲೆ. ಮೆಮೊರಿ ಏರಿದರೆ ಅವರಿಗೆ ಗಾಯ, ಇವರಿಗೆ ತರಚು. ಒಂದೇ ಒಂದು ಕಂಪ್ಯೂಟರ್ ಕಂಪನಿ ಷೇರನ್ನು ಕೊರತೆಯ ಕಾಲದಲ್ಲಿ ನೆಮ್ಮದಿಯಿಂದ ಇಟ್ಟುಕೊಳ್ಳಬಹುದು ಅಂದರೆ ಇದೇ. ಆದರೆ ಆಪಲ್ ಷೇರು ಏರೋದು ಇಳಿಯೋದು ಬಿಡಿಭಾಗದಿಂದ ಅಲ್ಲ, ಹತ್ತಾರು ಬೇರೆ ಕಾರಣದಿಂದ. ಕೊರತೆಯ ಲಾಭ ಪಡೀಬೇಕು ಅಂತ ಹೋದರೆ ಇಲ್ಲಿ ಸಿಗಲ್ಲ.

ಮಂಡಿಯವರ ಷೇರು: ಸಿಹಿ ಜಾಸ್ತಿ, ಸಕ್ಕರೆ ಕಾಯಿಲೆಯೂ ಜಾಸ್ತಿ

ಮಂಡಿಯವರು ಅಂದರೆ ಬಿಡಿಭಾಗ ಮಾಡುವ ಕಂಪನಿಗಳು. ನಿಜವಾದ ಲಾಭ ಇರೋದು ಇಲ್ಲಿ, ನಿಜವಾದ ಅಪಾಯವೂ ಇಲ್ಲೇ. ನಾನು ಎಲ್ಲರಿಗೂ ಹೇಳುವ ಪಾಠ ಥಾಯ್ಲೆಂಡ್ ಪ್ರವಾಹದ್ದು.

2011ರ ಅಕ್ಟೋಬರ್. ಆಗ ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚುಕಡಿಮೆ ಶೇ. 40 ಥಾಯ್ಲೆಂಡಿನಲ್ಲೇ ತಯಾರಾಗುತ್ತಿದ್ದವು. ಅಯುತ್ಥಾಯ ಪ್ರಾಂತ್ಯಕ್ಕೆ ನೀರು ನುಗ್ಗಿ ವೆಸ್ಟರ್ನ್ ಡಿಜಿಟಲ್ ಫ್ಯಾಕ್ಟರಿ ಮುಳುಗಿತು, ಯಂತ್ರಗಳನ್ನು ಎತ್ತೋಕೆ ಡೈವರ್‌ಗಳನ್ನು ಇಳಿಸಬೇಕಾಯಿತು. ಡಿಸ್ಕ್ ತಿರುಗಿಸುವ ಮೋಟರ್ ಮಾಡುತ್ತಿದ್ದ ನಿಡೆಕ್ ಕಂಪನಿಯ ಘಟಕಗಳಿಗೂ ನೀರು. ಆದರೆ ಪ್ರತಿಸ್ಪರ್ಧಿ ಸೀಗೇಟ್‌ನ ಫ್ಯಾಕ್ಟರಿಗಳು ಮುಳುಗಲಿಲ್ಲ. ಬಿಡಿಭಾಗ ಸಾಲದೆ ಅವರಿಗೂ ಕಷ್ಟ ಇತ್ತು, ಆದರೂ ಮಾರೋಕೆ ಮಾಲು ಇತ್ತು.

ಆಮೇಲಾಗಿದ್ದು ನೋಡಿ. ಡಿಸ್ಕ್ ಬೆಲೆ ದುಪ್ಪಟ್ಟು. ಸೀಗೇಟ್‌ನ ಗ್ರಾಸ್ ಮಾರ್ಜಿನ್ ಎರಡು ಕ್ವಾರ್ಟರ್‌ನಲ್ಲಿ ನೂರಕ್ಕೆ ಸುಮಾರು 20ರಿಂದ 37ಕ್ಕೆ. ಅಕ್ಟೋಬರ್ ಶುರುವಿನಲ್ಲಿ 10 ಡಾಲರ್ ಆಸುಪಾಸಿದ್ದ ಷೇರು 2012ರ ಮಾರ್ಚ್ ಕೊನೆಗೆ 27ರ ಹತ್ತಿರ. ವಾರಂಟಿ ವರ್ಷಗಳನ್ನೂ ಇಳಿಸಿದರು, ಗಿರಾಕಿ ತುಟಿ ಪಿಟಕ್ ಅನ್ನಲಿಲ್ಲ. ಅದೇ ಹೊತ್ತಿಗೆ ಇಂಟೆಲ್, ನೀರು ತನ್ನ ಹತ್ತಿರವೂ ಸುಳಿಯದಿದ್ದರೂ, ಡಿಸೆಂಬರ್‌ನಲ್ಲಿ ಆದಾಯದ ಅಂದಾಜನ್ನು 1,470 ಕೋಟಿ ಡಾಲರ್‌ನಿಂದ 1,370 ಕೋಟಿಗೆ ಇಳಿಸಿತು. ಡಿಸ್ಕ್ ಇಲ್ಲದೆ ಪಿಸಿ ಮಾಡದ ಕಂಪನಿಗಳು ಪ್ರೊಸೆಸರ್ ತಗೊಂಡು ಏನು ಮಾಡುತ್ತವೆ? ಎಚ್‌ಪಿಯ ಪಿಸಿ ವಿಭಾಗದ ಆದಾಯ 2012ರ ಜನವರಿಗೆ ಮುಗಿದ ಕ್ವಾರ್ಟರ್‌ನಲ್ಲಿ ಶೇ. 15 ಬಿತ್ತು, ಡಿಸ್ಕ್ ಕೊರತೆಯೂ ಒಂದು ಕಾರಣ. ಒಂದೇ ಪ್ರವಾಹ, ಒಬ್ಬನ ಮನೆಗೆ ನೀರು, ಇನ್ನೊಬ್ಬನ ಮನೆಗೆ ಲಕ್ಷ್ಮಿ.

ಇನ್ನು ನನ್ನ ಕಥೆ. 2018ರ ಬೇಸಿಗೆಯಲ್ಲಿ ಮೆಮೊರಿಗೆ ಹೀಗೇ ಬೇಡಿಕೆ ಇತ್ತು. ಒಂದು ಮೆಮೊರಿ ಕಂಪನಿಯ ಪಿಇ (ಷೇರಿನ ಬೆಲೆ ಒಂದು ವರ್ಷದ ಲಾಭದ ಎಷ್ಟು ಪಟ್ಟು ಅನ್ನೋದು) ಬರೀ 5 ಅಂತ ಕಂಡಿತು. ಇಷ್ಟು ಅಗ್ಗಕ್ಕೆ ಲಾಭದ ಕಂಪನಿ ಬಿಟ್ಟಿದ್ದಾರಲ್ಲ, ಜನಕ್ಕೆ ಬುದ್ಧಿ ಇಲ್ಲ ಅಂದುಕೊಂಡು ತಗೊಂಡೆ. ಬುದ್ಧಿ ಇಲ್ಲದೆ ಇದ್ದದ್ದು ಯಾರಿಗೆ ಅಂತ ಡಿಸೆಂಬರ್ ಹೊತ್ತಿಗೆ ಗೊತ್ತಾಯಿತು, ಷೇರು ಅರ್ಧಕ್ಕೆ ಬಂದಿತ್ತು. ಆಮೇಲೆ ಕೂತು ಓದಿದಾಗ ಅರ್ಥವಾಗಿದ್ದು ಇಷ್ಟು: ಇಂಥ ಕಂಪನಿಗಳಲ್ಲಿ ಲಾಭ ಶಿಖರಕ್ಕೆ ಹೋದಾಗ ಪಿಇ ಕಡಿಮೆ ಕಾಣುತ್ತೆ, ಯಾಕಂದ್ರೆ ಭಾಗಿಸುತ್ತಿರೋದು ಯಾವತ್ತೂ ಉಳಿಯದ ಲಾಭದಿಂದ. ನಷ್ಟದಲ್ಲಿದ್ದಾಗ ಪಿಇ ವಿಪರೀತ ಕಾಣುತ್ತೆ ಅಥವಾ ಕಾಣೋದೇ ಇಲ್ಲ, ಅಗ್ಗ ಇರೋದು ಆಗಲೇ. ಮೈಕ್ರಾನ್ ಅಂಕಿಯೇ ನೋಡಿ. 2018ರ ಆರ್ಥಿಕ ವರ್ಷದಲ್ಲಿ ಸುಮಾರು 1,400 ಕೋಟಿ ಡಾಲರ್ ಲಾಭ, 2023ರಲ್ಲಿ ಸುಮಾರು 580 ಕೋಟಿ ಡಾಲರ್ ನಷ್ಟ, 2025ರ ನವೆಂಬರ್‌ಗೆ ಮುಗಿದ ಮೂರೇ ತಿಂಗಳಲ್ಲಿ 1,364 ಕೋಟಿ ಡಾಲರ್ ಆದಾಯ. ತೊಟ್ಟಿಲು ತೂಗಿದ ಹಾಗೆ. 2023ರಲ್ಲಿ ಯಾರಿಗೂ ಬೇಡವಾಗಿದ್ದಾಗ ತಗೊಂಡವರು ಈಗ ನಗುತ್ತಿದ್ದಾರೆ, ಪೇಪರಿನ ಮುಖಪುಟದಲ್ಲಿ ರ‍್ಯಾಮ್ ಕೊರತೆ ಅಂತ ಬಂದ ಮೇಲೆ ತಗೊಳ್ಳೋರು ಯಾವಾಗ ಇಳೀತೀನಿ ಅಂತ ಹತ್ತುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಇಳಿಯೋಕೆ ನಾನು ನೋಡುವ ಗುರುತು ಮುಖ್ಯವಾಗಿ ಎರಡು. ಚಿಲ್ಲರೆ ಮಾರುಕಟ್ಟೆಯ ದಿನದ ರೇಟು ಇಳಿಯುತ್ತಿದ್ದು, ಕಂಪನಿಗಳು ಮಾತ್ರ ಒಪ್ಪಂದದ ರೇಟು ಇನ್ನೂ ಏರುತ್ತಿದೆ ಅನ್ನುತ್ತಿದ್ದರೆ, ಅದು ಹಣ್ಣಾದ ಎಲೆ. ಎರಡನೆಯದು, ಮೂರೂ ಮೆಮೊರಿ ಕಂಪನಿಗಳು ಒಬ್ಬರ ಹಿಂದೊಬ್ಬರು ಹೊಸ ಫ್ಯಾಕ್ಟರಿಗೆ ದುಡ್ಡು ಸುರಿಯೋಕೆ ಶುರು ಮಾಡುವುದು.

ನಮ್ಮೂರಿನ ಷೇರು?

ಡಾಲರ್ ಗೊಡವೆಯೇ ಬೇಡ ಅನ್ನೋರಿಗೆ ಇಲ್ಲಿ ಆಯ್ಕೆ ಕಡಿಮೆ, ಮತ್ತು ಯಾವುದೂ ಶುದ್ಧ ಕಂಪ್ಯೂಟರ್ ಷೇರು ಅಲ್ಲ. ಡಿಕ್ಸನ್ ಬೇರೆ ಬ್ರ್ಯಾಂಡ್‌ಗಳಿಗೆ ಲ್ಯಾಪ್‌ಟಾಪ್ ಜೋಡಿಸಿ ಕೊಡುತ್ತೆ ನಿಜ, ಆದರೆ ಅವರ ವ್ಯಾಪಾರದ ದೊಡ್ಡ ಪಾಲು ಮೊಬೈಲು. ಅವರಿಗೆ ಉಳಿಯೋದು ನೂರಕ್ಕೆ ನಾಲ್ಕರ ಸುಮಾರು. ಬಿಡಿಭಾಗದ ಬೆಲೆ ಏರಿದರೆ ಹೆಚ್ಚಾಗಿ ಬ್ರ್ಯಾಂಡಿನವರ ತಲೆಗೆ ಹೋಗುತ್ತೆ, ಆದರೆ ಬಿಡಿಭಾಗ ಬರದೇ ಲೈನ್ ನಿಂತರೆ ಕೂಲಿ, ಬಾಡಿಗೆ ಇವರ ತಲೆಗೆ. ಈ ಷೇರನ್ನು ಕುಣಿಸೋದು ಕೊರತೆಗಿಂತ ಸರ್ಕಾರದ ಆದೇಶ. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕು ಅಂತ ಆದೇಶ ಬಂದ ದಿನವೇ ಏರಿತು, ಆಮೇಲೆ ಸರ್ಕಾರ ಅದನ್ನು ಸಡಿಲ ಮಾಡಿತು.

ರಾಶಿ ಪೆರಿಫೆರಲ್ಸ್, ರೆಡಿಂಗ್ಟನ್ ಥರದ ವಿತರಕರದ್ದು ಗೋಡೌನ್ ವ್ಯಾಪಾರ. ಮಾಲು ತುಂಬಿರುವಾಗ ರೇಟು ಏರಿದರೆ ಲಾಭ, ತುಂಬಿರುವಾಗ ಇಳಿದರೆ ಅದೇ ನಷ್ಟ. ಒಂದು ಕ್ವಾರ್ಟರ್ ಚೆಂದದ ರಿಸಲ್ಟು ನೋಡಿ ಮರುಳಾಗಬೇಡಿ, ಹಳೇ ರೇಟಿನ ದಾಸ್ತಾನು ಖಾಲಿಯಾದ ಮೇಲಿನ ಕ್ವಾರ್ಟರ್ ನೋಡಿ.

ಡೆಲ್, ಎಚ್‌ಪಿ, ಇಂಟೆಲ್, ಮೈಕ್ರಾನ್‌ನಲ್ಲೇ ಕೆಲಸ ಮಾಡೋರಿಗೆ

ಬೆಂಗಳೂರಿನಲ್ಲಿ ಇದು ಸುಮ್ನೆ ಕಾಲ್ಪನಿಕ ಪ್ರಶ್ನೆ ಅಲ್ಲ. ಹೊರವರ್ತುಲ ರಸ್ತೆಯ ಎಷ್ಟೋ ಮನೆಗಳ ಇಎಂಐ ಕಟ್ಟುತ್ತಿರೋದು ಇಂಥ ಕಂಪನಿಗಳು ಸಂಬಳದ ಜೊತೆ ಕೊಡುವ ಷೇರು, ಅಂದರೆ ಆರ್‌ಎಸ್‌ಯು. ನಿಮಗೆ ಆಯ್ಕೆಯ ಪ್ರಶ್ನೆಯೇ ಬೇರೆ, ಕೊಳ್ಳಲೋ ಬೇಡವೋ ಅಲ್ಲ, ಇರೋದನ್ನು ಮಾರಲೋ ಬೇಡವೋ. ಸಂಬಳ, ಬೋನಸ್ಸು, ಷೇರು ಮೂರೂ ಒಂದೇ ಕೊಂಬೆಗೆ ಕಟ್ಟಿದ ಉಯ್ಯಾಲೆ. ಪಿಸಿ ಕಂಪನಿಯಲ್ಲಿದ್ದರೆ ಕೊರತೆ ಬಂದಾಗ ಷೇರೂ ಬೀಳುತ್ತೆ, ಕೆಲಸದ ಕಡಿತವೂ ಆಗಲೇ ಬರುತ್ತೆ. ಅಂಥವರು ಷೇರು ವೆಸ್ಟ್ ಆದ ಹಾಗೆ, ಅಂದರೆ ಕೈಗೆ ಬಂದ ಹಾಗೆ, ಒಂದು ಪಾಲು ಮಾರಿ ಬೇರೆ ಕಡೆ ಹಾಕೋದು ಒಳ್ಳೇದು ಅಂತ ನನ್ನ ಅನಿಸಿಕೆ. ವೆಸ್ಟ್ ಆದ ದಿನ ಸಂಬಳದ ಹಾಗೆ ತೆರಿಗೆ ಕಟ್ಟಿಯೇ ಆಗಿರುತ್ತೆ, ಆ ದಿನವೇ ಮಾರಿದರೆ ಮೇಲೆ ಹೆಚ್ಚೇನೂ ಬೀಳಲ್ಲ. ಮೆಮೊರಿ ಕಂಪನಿಯಲ್ಲಿರೋರು ಈಗ ಖುಷಿಯಲ್ಲಿದ್ದಾರೆ, ಅವರಿಗೆ ಮೇಲಿನ ತೊಟ್ಟಿಲಿನ ಅಂಕಿಯನ್ನು ಇನ್ನೊಂದು ಸಲ ಓದಿ ಅಂತೀನಿ.

ಗೆಳೆಯನಿಗೆ ಕೊನೆಗೆ ಹೇಳಿದ್ದು: ಎಚ್‌ಪಿ ಈಗ ಬೇಡ, ಡೆಲ್ ಬೇಕಾದರೆ ಎಐ ಲೆಕ್ಕದಲ್ಲಿ ಸ್ವಲ್ಪ, ಆಪಲ್ ಇದ್ದರೆ ಇರಲಿ, ಮೈಕ್ರಾನ್‌ಗೆ ರೈಲು ಅರ್ಧ ದಾರಿ ಹೋಗಿದೆ, ಹತ್ತುವುದಿದ್ದರೆ ಕಳೆದುಕೊಂಡರೂ ನಿದ್ದೆ ಬರುವಷ್ಟೇ ದುಡ್ಡು ಹಾಕು. ಇಷ್ಟು ತಲೆಬಿಸಿ ಬೇಡ ಅಂದ್ರೆ ಈ ಎಲ್ಲರೂ ಒಟ್ಟಿಗೆ ಇರುವ ಇಂಡೆಕ್ಸ್ ಫಂಡು, ಅದರಲ್ಲಿ ಒಬ್ಬ ಅತ್ತರೆ ಇನ್ನೊಬ್ಬ ನಗುತ್ತಾನೆ.

ಅವನು ಕೇಳದಿದ್ದರೂ ಹೇಳಿದ ಇನ್ನೊಂದು ವಿಷಯ ತೆರಿಗೆಯದ್ದು. ಹೊರದೇಶಕ್ಕೆ ವರ್ಷಕ್ಕೆ ಒಬ್ಬರು 2.5 ಲಕ್ಷ ಡಾಲರ್ ತನಕ ಕಳಿಸಬಹುದು, ಷೇರಿಗೆ ಅಂತ ಕಳಿಸಿದ್ದು ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಮೇಲಿನದ್ದಕ್ಕೆ ಶೇ. 20 ಟಿಸಿಎಸ್ (ಬ್ಯಾಂಕೇ ಮೊದಲು ಹಿಡಿದುಕೊಳ್ಳುವ ತೆರಿಗೆ), ರಿಟರ್ನ್ ಹಾಕುವಾಗ ವಾಪಸ್ ಪಡೀಬಹುದು. ಎರಡು ವರ್ಷ ಇಟ್ಟು ಮಾರಿದರೆ ಲಾಭದ ಮೇಲೆ ಶೇ. 12.5. ಮತ್ತೆ, ಒಂದೇ ಒಂದು ಷೇರಿದ್ದರೂ ಐಟಿಆರ್‌ನ ಹೊರದೇಶದ ಆಸ್ತಿ ಬರೆಯುವ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು, ಆರ್‌ಎಸ್‌ಯು ಇರೋರೂ ಅಷ್ಟೇ. ಅಲ್ಲಿ ಲೆಕ್ಕ ಮಾರ್ಚ್‌ವರೆಗಿನದ್ದಲ್ಲ, ಡಿಸೆಂಬರ್ 31ರವರೆಗಿನದ್ದು. ಬ್ರೋಕರ್ ಸ್ಟೇಟ್‌ಮೆಂಟನ್ನು ಜನವರಿಯಲ್ಲೇ ಇಳಿಸಿಟ್ಟುಕೊಳ್ಳಿ, ಜುಲೈನಲ್ಲಿ ಹುಡುಕೋಕೆ ಹೋದರೆ ಪಾಸ್‌ವರ್ಡೇ ನೆನಪಿರಲ್ಲ.